ಮಿದುಳು, ಹಾರ್ಮೋನು, ವಯಸ್ಸು: ವಿಜ್ಞಾನಿಗಳ ಸಭೆಗಳ ಈ ಚರ್ಚೇಲಿ ನಮ್ಮ ಹೆಂಗಸ್ರು ಎಲ್ಲಿದಾರೆ?

2025ರ ನವೆಂಬರ್ 10ಕ್ಕೆ ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ದೊಡ್ಡ ತೀರ್ಮಾನ ಹೇಳ್ತು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಕೊಡೋ ಈಸ್ಟ್ರೋಜನ್ (ಅಂಡಾಶಯದಲ್ಲಿ ಆಗೋ ಹೆಣ್ಣಿನ ಹಾರ್ಮೋನು) ಮಾತ್ರೆ, ಪ್ಯಾಚ್, ಕ್ರೀಮ್ ಇವುಗಳ ಮಾಹಿತಿ ಚೀಟೀಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಪ್ಪು ಚೌಕದೊಳಗೆ ಅಚ್ಚಾಗ್ತಾ ಇದ್ದ ಎಚ್ಚರಿಕೆ, ಅಂದ್ರೆ ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಬರಬಹುದು ಅನ್ನೋದು, ಅದನ್ನ ತೆಗೆಸ್ತೀವಿ ಅಂತ. ಅದಕ್ಕೆ ನಾಲ್ಕು ತಿಂಗಳು ಮುಂಚೆ, ಜುಲೈ 17ಕ್ಕೆ, ಇದೇ ಎಫ್‌ಡಿಎ ಒಂದು ತಜ್ಞರ ಸಭೆ ಕರೆದಿತ್ತು. ಅಲ್ಲಿ ಮಾತಾಡಿದೋರಲ್ಲಿ ಹೆಚ್ಚಿನೋರು ಹಾರ್ಮೋನ್ ಚಿಕಿತ್ಸೆ ಪರವಾಗೇ ಇದ್ರು, ಮಾಮೂಲಿ ಸಲಹಾ ಸಮಿತಿಗೆ ಇರೋ ಕಟ್ಟುನಿಟ್ಟು ಇದಕ್ಕೆ ಇರ್ಲಿಲ್ಲ ಅಂತ ಆಗ್ಲೇ ಬೇರೆ ವಿಜ್ಞಾನಿಗಳು ಆಕ್ಷೇಪ ಎತ್ತಿದ್ರು. ನವೆಂಬರ್‌ನ ಪ್ರಕಟಣೇಲಿ ಇನ್ನೊಂದು ಮಾತೂ ಸೇರ್ಕೊಂಡಿತ್ತು, ಸರಿಯಾದ ಸಮಯಕ್ಕೆ ಶುರು ಮಾಡಿದ್ರೆ ಡಿಮೆನ್ಶಿಯಾದಲ್ಲೇ ಹೆಚ್ಚಾಗಿ ಕಾಣೋ ಬಗೆ ಆಲ್‌ಝೈಮರ್ಸ್‌ನ ಅಪಾಯ 35% ತನಕ ಕಮ್ಮಿ ಆಗಬಹುದು ಅಂತ.

ಇಂಥ ಅಂಕಿ ರೀಲ್ಸ್‌ಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಮೂವತ್ತು ಸೆಕೆಂಡಲ್ಲಿ ಹೇಳಿ ಮುಗಿಸಬಹುದು, ಕೇಳಿದೋರಿಗೆ ಇಷ್ಟ ಆಗುತ್ತೆ, ಮಾತ್ರೆ ಮಾರೋರಿಗೂ ಇಷ್ಟ ಆಗುತ್ತೆ. ಆದ್ರೆ ಮಿದುಳು-ಹಾರ್ಮೋನು ಬಗ್ಗೆ ಕೆಲ್ಸ ಮಾಡೋ ವಿಜ್ಞಾನಿಗಳು ಸೇರೋ ಸಭೆಗಳಲ್ಲಿ ಇದು ಇಷ್ಟು ಸಲೀಸಾಗಿ ಮುಗಿಯೋ ಮಾತಲ್ಲ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿ ಇದರ ಮೇಲೆ ದೊಡ್ಡ ವಾದವೇ ನಡೀತಾ ಇದೆ. ನನಗನ್ಸೋದು, ಹಾರ್ಮೋನು ಮಿದುಳಿಗೆ ಒಳ್ಳೇದಾ ಕೆಟ್ಟದ್ದಾ ಅನ್ನೋ ಪ್ರಶ್ನೆನೇ ಸರಿ ಇಲ್ಲ. ಯಾವ ಹಾರ್ಮೋನು, ಯಾವ ವಯಸ್ಸಲ್ಲಿ, ಯಾರಿಗೆ ಅಂತ ಕೇಳ್ಬೇಕು. ಆ ‘ಯಾರಿಗೆ’ ಅನ್ನೋ ಜಾಗಕ್ಕೆ ಬಂದ್ರೆ ನಮ್ಮ ಕಡೆ ಹೆಂಗಸರು ಲೆಕ್ಕಕ್ಕೇ ಸಿಗ್ತಿಲ್ಲ, ಈ ಲೇಖನ ಬರೀತಿರೋದೇ ಅದಕ್ಕೆ.

ಮೊದ್ಲು ಮಿದುಳಿಗೂ ಹಾರ್ಮೋನಿಗೂ ಏನು ನಂಟು ಅಂತ ನೋಡೋಣ. ಸ್ಕೂಲಲ್ಲಿ ನಾವು ಓದಿದ್ದು, ಮಿದುಳು ಆರ್ಡರ್ ಕೊಡುತ್ತೆ, ಗ್ರಂಥಿಗಳು ಹಾರ್ಮೋನು ಬಿಡ್ತವೆ, ಅದು ಮೈಯಲ್ಲೆಲ್ಲಾ ಕೆಲ್ಸ ಮಾಡುತ್ತೆ, ಅಲ್ಲಿಗೆ ಮುಗೀತು. 1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಯೂನಿವರ್ಸಿಟೀಲಿ ಬ್ರೂಸ್ ಮೆಕ್‌ಯುವನ್ ಅನ್ನೋರು ವಿಕಿರಣದ ಗುರುತು ಹಾಕಿದ ಸ್ಟ್ರೆಸ್ ಹಾರ್ಮೋನನ್ನ ಇಲಿಗಳಿಗೆ ಕೊಟ್ಟು ಅದು ಎಲ್ಲಿ ಹೋಗುತ್ತೆ ಅಂತ ಹುಡುಕಿದ್ರು. ಅದು ಹೋಗಿ ಕೂತಿದ್ದು ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದ್ರೆ ಮಿದುಳು ಹೊಸ ನೆನಪು ಕಟ್ಟೋ ಜಾಗದಲ್ಲಿ. ಹಾರ್ಮೋನು ವಾಪಸ್ ಮಿದುಳಿಗೇ ಬಂದು, ಅದೂ ನೆನಪಿನ ಜಾಗಕ್ಕೇ ಬಂದು ಕೆಲ್ಸ ಮಾಡುತ್ತೆ ಅನ್ನೋದು ಆವಾಗ ಹೊಸ ವಿಷಯ.

1990ರ ಸುಮಾರಿಗೆ ಅದೇ ಲ್ಯಾಬಲ್ಲಿ ಕ್ಯಾಥರೀನ್ ವೂಲಿ ಮತ್ತವರ ಜೊತೆಗಾರರು ನೋಡಿದ್ದು ಇನ್ನೂ ಆಶ್ಚರ್ಯದ್ದು. ಹೆಣ್ಣಿಲಿಗೆ ಋತುಚಕ್ರ ನಾಲ್ಕೈದು ದಿನದ್ದು. ಆ ನಾಲ್ಕೈದು ದಿನದೊಳಗೇ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳ ಮೇಲಿರೋ ಸಣ್ಣ ಸಣ್ಣ ಮುಳ್ಳಿನಂಥ ಚಾಚುಗಳು, ಒಂದು ಕೋಶ ಇನ್ನೊಂದರ ಜೊತೆ ಮಾತಾಡೋದೇ ಆ ಚಾಚಿನ ಮೂಲಕ, ಅವು ಈಸ್ಟ್ರೋಜನ್ ಏರಿದಾಗ ಹೆಚ್ಚಾಗಿ ಇಳಿದಾಗ ಕಮ್ಮಿ ಆಗ್ತಿದ್ವು, ಹೆಚ್ಚುಕಮ್ಮಿ 30% ವ್ಯತ್ಯಾಸ. ಅಂಡಾಶಯ ತೆಗೆದ ಇಲಿಗಳಲ್ಲಿ ಚಾಚುಗಳು ಕಮ್ಮಿ ಆಗಿ ಹಾಗೇ ಉಳೀತಿದ್ವು, ಈಸ್ಟ್ರೋಜನ್ ಕೊಟ್ರೆ ವಾಪಸ್ ಬರ್ತಿದ್ವು. ದೊಡ್ಡೋರಾದ ಮೇಲೆ ಮಿದುಳು ಬದಲಾಗೋದೇ ಇಲ್ಲ ಅಂತ ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅಂಡಾಶಯ ತೆಗೆದ ಇಲಿ ಅನ್ನೋದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮನುಷ್ಯರಲ್ಲಿ ಇದು ಕಣ್ಣಿಗೆ ಕಾಣೋ ಹಾಗೆ ಗೊತ್ತಾಗೋದು ಮುಟ್ಟು ನಿಲ್ಲೋ ಟೈಮಲ್ಲಿ. ಇದ್ದಕ್ಕಿದ್ದ ಹಾಗೆ ಎದೆಯಿಂದ ಮುಖಕ್ಕೆ ಬಿಸಿ ಏರುತ್ತೆ, ಬೆವರು ಕಿತ್ಕೊಂಡು ಬರುತ್ತೆ, ಮಧ್ಯರಾತ್ರಿ ಎದ್ದು ಫ್ಯಾನ್ ಜೋರು ಮಾಡ್ತಾರೆ, ಐದು ನಿಮಿಷಕ್ಕೆ ಚಳಿ ಅಂತ ಹೊದ್ಕೊಳ್ತಾರೆ. ಮನೇಲಿರೋರು ಉಷ್ಣ ಆಗಿದೆ, ಎಳನೀರು ಕುಡಿ ಅಂತಾರೆ. ಅಸಲಿಗೆ ಅದು ಮಿದುಳಲ್ಲಿ ನಡೀತಿರೋದು. ಹೈಪೋಥಲಾಮಸ್ ಅನ್ನೋ ಭಾಗದಲ್ಲಿ ಒಂದು ಗುಂಪು ನರಕೋಶಗಳಿವೆ, ಈಸ್ಟ್ರೋಜನ್ ಇದ್ದಾಗ ಅವು ಹಿಡಿತದಲ್ಲಿರ್ತವೆ, ಅದು ಇಳಿದಾಗ ಅವು ದಪ್ಪ ಆಗಿ ಅತಿಯಾಗಿ ಕೆಲ್ಸ ಮಾಡೋಕೆ ಶುರು ಮಾಡ್ತವೆ, ಪಕ್ಕದಲ್ಲೇ ಇರೋ ಮೈ ಬಿಸಿ ನೋಡ್ಕೊಳ್ಳೋ ಭಾಗವನ್ನ ಕೆಡಿಸ್ತವೆ. ಇದು ಗೊತ್ತಾದ ಮೇಲೇ ಫೆಜೊಲಿನೆಟೆಂಟ್ ಅನ್ನೋ ಔಷಧ ಬಂದಿದ್ದು, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, 2025ರಲ್ಲಿ ಎಲಿಂಜನೆಟೆಂಟ್ ಅಂತ ಇನ್ನೊಂದು. ಇವೆರಡೂ ಹಾರ್ಮೋನೇ ಅಲ್ಲ, ನೇರವಾಗಿ ಮಿದುಳಿನ ಆ ಕೋಶಗಳ ಸಂದೇಶವನ್ನೇ ತಡೀತವೆ.

ಇಷ್ಟೆಲ್ಲಾ ಗೊತ್ತಿದ್ರೆ ಯಾರಿಗಾದ್ರೂ ಅನ್ಸೋದೇನು? ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕೊಟ್ಬಿಟ್ರೆ ಮಿದುಳು ಉಳಿಯುತ್ತೆ ಅಂತ ತಾನೆ. 1990ರ ದಶಕದಲ್ಲಿ ಅಮೆರಿಕದ ಡಾಕ್ಟ್ರುಗಳೂ ಹಾಗೇ ನಂಬಿದ್ರು. ಮಾತ್ರೆ ತಗೊಳ್ತಿದ್ದ ಹೆಂಗಸರಲ್ಲಿ ಹೃದಯದ ಕಾಯಿಲೆ ಕಮ್ಮಿ, ಮರೆವು ಕಮ್ಮಿ ಅಂತ ಸಮೀಕ್ಷೆಗಳು ಬರ್ತಾನೇ ಇದ್ವು. ಆದ್ರೆ ಮಾತ್ರೆ ತಗೊಳ್ತಿದ್ದೋರು ಯಾರು ಅಂತ ನೋಡಿದ್ರೆ ಹೆಚ್ಚಾಗಿ ಓದಿದೋರು, ದುಡ್ಡಿದ್ದೋರು, ಡಾಕ್ಟ್ರ ಹತ್ರ ತಪ್ಪದೆ ಹೋಗೋರು. ಅವರ ಆರೋಗ್ಯ ಚೆನ್ನಾಗಿರೋದು ಮಾತ್ರೆಯಿಂದಾನಾ ಇಲ್ಲ ಬದುಕಿನಿಂದಾನಾ ಅಂತ ಸಮೀಕ್ಷೆಯಿಂದ ಬಿಡಿಸಿ ಹೇಳೋಕಾಗಲ್ಲ. ಅದಕ್ಕೇ 1991ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ದೊಡ್ಡ ಅಧ್ಯಯನ ಶುರು ಮಾಡ್ತು. ಯಾರಿಗೆ ಮಾತ್ರೆ, ಯಾರಿಗೆ ಸುಮ್ನೆ ತೋರಿಕೆಯ ಮಾತ್ರೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿ, ವರ್ಷಗಟ್ಟಲೆ ನೋಡೋದು.

ಅದ್ರಲ್ಲಿ ಗರ್ಭಕೋಶ ಇದ್ದ 16,608 ಹೆಂಗಸರ ಗುಂಪಿಗೆ ಎರಡು ಹಾರ್ಮೋನು ಸೇರಿಸಿದ ಮಾತ್ರೆ, ಒಂದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಇನ್ನೊಂದು ಲ್ಯಾಬಲ್ಲಿ ಮಾಡಿದ ಪ್ರೊಜೆಸ್ಟಿನ್, ಅಂದ್ರೆ ಅಂಡಾಶಯದ ಇನ್ನೊಂದು ಹಾರ್ಮೋನಿನ ನಕಲು. 2002ರ ಜುಲೈನಲ್ಲಿ ಈ ಭಾಗವನ್ನ ಅರ್ಧಕ್ಕೇ ನಿಲ್ಲಿಸಿದ್ರು, ಸ್ತನ ಕ್ಯಾನ್ಸರ್ ಹೆಚ್ಚಾಗಿದೆ, ಹೃದಯಕ್ಕೂ ಒಳ್ಳೇದಾಗಿಲ್ಲ ಅಂತ. ಪತ್ರಿಕೆಗಳಲ್ಲಿ ಬಂದಿದ್ದು 26% ಹೆಚ್ಚು ಕ್ಯಾನ್ಸರ್ ಅಂತ. ಅದನ್ನೇ ಬಿಡಿಸಿ ಹೇಳಿದ್ರೆ ವರ್ಷಕ್ಕೆ 10,000 ಹೆಂಗಸರಲ್ಲಿ 30 ಜನಕ್ಕೆ ಬರೋ ಕಡೆ 38 ಜನಕ್ಕೆ, ಅಂದ್ರೆ ಎಂಟು ಜನ ಜಾಸ್ತಿ. ಎರಡೂ ನಿಜಾನೇ, ಆದ್ರೆ ಒಂದನ್ನ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಇನ್ನೊಂದನ್ನ ಕೇಳಿದ್ರೆ ಕೂತು ಯೋಚ್ನೆ ಮಾಡಬಹುದು ಅನ್ಸುತ್ತೆ. ಗರ್ಭಕೋಶ ಇಲ್ಲದ ಹೆಂಗಸರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಗುಂಪಲ್ಲಿ ಮುಂದೆ ಸ್ತನ ಕ್ಯಾನ್ಸರ್ ಕಮ್ಮಿನೇ ಆಗಿತ್ತು ಅನ್ನೋದು ಆ ಗಲಾಟೇಲಿ ಯಾರ ಕಿವಿಗೂ ಸರಿಯಾಗಿ ಬೀಳ್ಲೇ ಇಲ್ಲ.

ನಮಗೆ ಬೇಕಿರೋ ಮಿದುಳಿನ ಭಾಗ 2003ರ ಮೇ ತಿಂಗಳಲ್ಲಿ ಬಂತು. ಅದೇ ಅಧ್ಯಯನದೊಳಗಿನ 65 ದಾಟಿದ 4,532 ಹೆಂಗಸರಿಗೆ ಪ್ರತಿ ವರ್ಷ ನೆನಪಿನ ಪರೀಕ್ಷೆ ಮಾಡ್ತಿದ್ರು, ಇವತ್ತು ಯಾವ ವಾರ, ಈ ಮೂರು ಪದ ನೆನಪಿಟ್ಕೊಂಡು ಆಮೇಲೆ ಹೇಳಿ, ಈ ಚಿತ್ರ ನೋಡ್ಕೊಂಡು ಬರೀರಿ ಅನ್ನೋ ಥರದ್ದು, ನೂರು ಅಂಕಕ್ಕೆ. ಅಂಕ ಇಳಿದೋರನ್ನ ಕರೆದು ಪೂರ್ತಿ ತಪಾಸಣೆ. ಮಾತ್ರೆ ತಗೊಂಡ ಗುಂಪಲ್ಲಿ 40 ಜನಕ್ಕೆ ಡಿಮೆನ್ಶಿಯಾ ಬಂದಿತ್ತು, ತಗೊಳ್ಳದ ಗುಂಪಲ್ಲಿ 21 ಜನಕ್ಕೆ. ವರ್ಷಕ್ಕೆ ಹತ್ತು ಸಾವಿರದಲ್ಲಿ 22 ಇದ್ದಿದ್ದು 45. ಮಿದುಳು ಉಳಿಸುತ್ತೆ ಅಂದ್ಕೊಂಡಿದ್ದ ಮಾತ್ರೆ ಡಿಮೆನ್ಶಿಯಾನ ಎರಡರಷ್ಟು ಮಾಡಿತ್ತು. 2002ರ ಫಲಿತಾಂಶದಿಂದ ಬಂದಿದ್ದ ಕಪ್ಪು ಚೌಕದ ಎಚ್ಚರಿಕೆಗೆ ಡಿಮೆನ್ಶಿಯಾನೂ ಸೇರಿದ್ದು ಇದರಿಂದ. ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ರು, ಎಷ್ಟೋ ಡಾಕ್ಟ್ರುಗಳು ಬರೆಯೋದನ್ನೇ ಬಿಟ್ರು, ಆಮೇಲೆ ಓದಿ ಬಂದ ಹೊಸ ಡಾಕ್ಟ್ರುಗಳು ಕಲಿಯೋದನ್ನೇ ಬಿಟ್ರು.

ಸಭೆಗಳಲ್ಲಿ ವಾದ ಶುರುವಾಗಿದ್ದು ಇಲ್ಲಿಂದ. ಇಲಿಗೆ ಒಳ್ಳೇದು ಮಾಡಿದ್ದು ಮನುಷ್ಯರಿಗೆ ಯಾಕೆ ಕೆಟ್ಟದ್ದು ಮಾಡ್ತು? ಒಂದು ಉತ್ತರ, ಸಮಯ. ಆ ದೊಡ್ಡ ಅಧ್ಯಯನದಲ್ಲಿದ್ದೋರ ಸರಾಸರಿ ವಯಸ್ಸು 63, ನೆನಪಿನ ಪರೀಕ್ಷೆ ಮಾಡಿದೋರೆಲ್ಲಾ 65 ದಾಟಿದೋರು. ಮುಟ್ಟು ನಿಂತು ಹತ್ತು ಹದಿನೈದು ವರ್ಷ ಆದ ಮೇಲೆ, ಮಿದುಳು ಈಸ್ಟ್ರೋಜನ್ ಇಲ್ಲದೇ ಬದುಕೋದನ್ನ ಕಲ್ತಾದ ಮೇಲೆ, ರಕ್ತನಾಳಗಳಲ್ಲಿ ಆಗ್ಲೇ ಕೊಬ್ಬು ಕಟ್ಟಿರುವಾಗ ಒಂದೇ ಸಲ ಹಾರ್ಮೋನು ಸುರಿದ್ರೆ ಒಳ್ಳೇದಾಗುತ್ತಾ? ಬಿತ್ತನೆ ಕಾಲ ಮೀರಿದ ಮೇಲೆ ಎಷ್ಟು ಗೊಬ್ಬರ ಹಾಕಿದ್ರೂ ಬೆಳೆ ಬರಲ್ಲ, ಹಾಗೆ. ಮುಟ್ಟು ನಿಂತ ಮೊದಲ ಕೆಲವು ವರ್ಷದಲ್ಲೇ ಕೊಟ್ರೆ ಲಾಭ, ತಡವಾದ್ರೆ ನಷ್ಟ ಅನ್ನೋ ಈ ವಾದ ಕೇಳೋಕೆ ಬಹಳ ಚೆನ್ನಾಗಿದೆ, ನನಗೂ ಮೊದಲು ಓದಿದಾಗ ಇದೇ ಇರ್ಬೇಕು ಅನ್ನಿಸ್ತು.

ಆದ್ರೆ ಚೆನ್ನಾಗಿರೋ ವಾದಾನೂ ಪರೀಕ್ಷೆಗೆ ನಿಲ್ಬೇಕಲ್ಲ. ಅಮೆರಿಕದಲ್ಲಿ ಕೀಪ್ಸ್ ಅನ್ನೋ ಅಧ್ಯಯನ ಮಾಡಿದ್ರು, ಮುಟ್ಟು ನಿಂತು ಮೂರು ವರ್ಷದೊಳಗಿರೋ ಆರೋಗ್ಯವಂತ ಹೆಂಗಸರಿಗೆ ನಾಲ್ಕು ವರ್ಷ ಹಾರ್ಮೋನು ಕೊಟ್ಟು ನೋಡಿದ್ರು. ನೆನಪಿಗೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ಸುಮಾರು ಹತ್ತು ವರ್ಷ ಆದ ಮೇಲೆ ಅದೇ ಹೆಂಗಸರನ್ನ ಮತ್ತೆ ಕರೆದು ನೋಡಿದ್ರು, 2024ರಲ್ಲಿ ಅದರ ಫಲಿತಾಂಶ ಬಂತು, ಆಗ್ಲೂ ಅಷ್ಟೇ. ಎಲೈಟ್ ಅನ್ನೋ ಇನ್ನೊಂದ್ರಲ್ಲಿ ಬೇಕಂತಲೇ ಎರಡು ಗುಂಪು ಮಾಡಿದ್ರು, ಮುಟ್ಟು ನಿಂತು ಆರು ವರ್ಷದೊಳಗಿನೋರು, ಹತ್ತು ವರ್ಷ ದಾಟಿದೋರು. ಕತ್ತಿನ ರಕ್ತನಾಳದ ಗೋಡೆ ದಪ್ಪ ಆಗೋದು ಮೊದಲ ಗುಂಪಲ್ಲಿ ನಿಧಾನ ಆಗಿತ್ತು, ಅಂದ್ರೆ ರಕ್ತನಾಳದ ಮಟ್ಟಿಗೆ ಸಮಯದ ವಾದ ನಿಜ ಆಯ್ತು. ನೆನಪಿನ ಮಟ್ಟಿಗೆ ಎರಡೂ ಗುಂಪಲ್ಲಿ ವ್ಯತ್ಯಾಸ ಕಾಣ್ಲಿಲ್ಲ.

ಹಾಗಾದ್ರೆ ಆ 35% ಎಲ್ಲಿಂದ ಬಂತು? ಯಾರು ಮಾತ್ರೆ ತಗೊಂಡ್ರು, ಯಾರು ತಗೊಳ್ಲಿಲ್ಲ ಅಂತ ಹಿಂದಿನಿಂದ ನೋಡೋ ಸಮೀಕ್ಷೆಗಳಿಂದ. 1990ರ ದಶಕದಲ್ಲಿ ದಾರಿ ತಪ್ಪಿಸಿದ್ದೂ ಅದೇ ಥರದ ಸಮೀಕ್ಷೆಗಳು. ಅದೇ ಥರದ ಇನ್ನೊಂದು ದೊಡ್ಡ ಸಮೀಕ್ಷೆ, 2023ರಲ್ಲಿ ಡೆನ್ಮಾರ್ಕಿನದು, ಹಾರ್ಮೋನು ತಗೊಂಡೋರಲ್ಲಿ ಡಿಮೆನ್ಶಿಯಾ ಹೆಚ್ಚು ಅಂತ ತೋರಿಸಿತ್ತು. ಒಂದನ್ನ ತೋರ್ಸಿ ಇನ್ನೊಂದನ್ನ ಮುಚ್ಚಿಡೋದು ಸರಿಯಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಕಪ್ಪು ಚೌಕ ತೆಗೆದಿದ್ದು ಹೆಚ್ಚುಪಾಲು ಸರಿ, ಯಾಕಂದ್ರೆ 65ರ ಮೇಲಿನೋರಲ್ಲಿ ಕಂಡ ಅಪಾಯವನ್ನ 50ರ ಹೆಂಗಸಿಗೂ, ರಕ್ತಕ್ಕೆ ಸೇರೋದೇ ಅಪರೂಪ ಅನ್ನೋ ಕ್ರೀಮಿಗೂ ಹಚ್ಚಿದ್ದು ಅನ್ಯಾಯ, ನಿದ್ದೆ ಇಲ್ಲದೆ ಬೆವರಲ್ಲಿ ಒದ್ದಾಡಿದ ಎಷ್ಟೋ ಹೆಂಗಸರಿಗೆ ಅದರಿಂದ ಪರಿಹಾರ ತಪ್ಪಿಹೋಯ್ತು. ಆದ್ರೆ ಹೆದರಿಕೆ ತೆಗೆಯೋ ಭರದಲ್ಲಿ ಆಲ್‌ಝೈಮರ್ಸ್ ತಡೆಯುತ್ತೆ ಅಂತ ಆಸೆ ಹುಟ್ಸಿದ್ದು ತಪ್ಪು. ಬಿಸಿ, ಬೆವರು, ನಿದ್ದೆಗೇಡಿಗೆ ಹಾರ್ಮೋನು ತಗೊಳ್ಳೋದು ಬೇರೆ, ಮರೆವು ಬರಬಾರದು ಅಂತ ತಗೊಳ್ಳೋದು ಬೇರೆ. ಎರಡನೇದಕ್ಕೆ ಈವತ್ತಿನವರೆಗೆ ಗಟ್ಟಿ ಆಧಾರ ಇಲ್ಲ.

ಇಲ್ಲೇ ಇನ್ನೊಂದು ಮಾತು ಹೇಳ್ಬೇಕು, ನಲವತ್ತೈದು ಐವತ್ತರ ಹೆಂಗಸರು ಬಹಳ ಜನ ಹೆದರ್ಕೊಳ್ಳೋದು ಇದಕ್ಕೇ. ಮುಟ್ಟು ಏರುಪೇರಾಗೋ ವರ್ಷಗಳಲ್ಲಿ ಹೆಸರು ನಾಲಿಗೆ ತುದೀಲಿದ್ರೂ ಬರಲ್ಲ, ಅಡುಗೆಮನೆಗೆ ಯಾಕೆ ಬಂದೆ ಅಂತ ಮರ್ತೋಗುತ್ತೆ, ಆಫೀಸಲ್ಲಿ ಮೇಲ್ ಎರಡೆರಡು ಸಲ ಓದ್ಬೇಕಾಗುತ್ತೆ. ನನಗೂ ಅಮ್ಮನ ಹಾಗೇ ಆಗೋಯ್ತಾ ಅಂತ ಅಳು ಬರುತ್ತೆ. ಅಮೆರಿಕದಲ್ಲಿ 1996ರಿಂದ ನಡೀತಿರೋ ಸ್ವಾನ್ ಅನ್ನೋ ಅಧ್ಯಯನ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರನ್ನ ವರ್ಷಗಟ್ಟಲೆ ಹಿಂಬಾಲಿಸಿದೆ, ಹೊಸದು ಕಲಿಯೋ ವೇಗ ಆ ವರ್ಷಗಳಲ್ಲಿ ನಿಜವಾಗ್ಲೂ ಕುಗ್ಗುತ್ತೆ, ಮುಟ್ಟು ಪೂರ್ತಿ ನಿಂತ ಮೇಲೆ ಸುಧಾರಿಸುತ್ತೆ ಅಂತ ಅದು ಕಂಡ್ಕೊಂಡಿದೆ. ಇದು ಡಿಮೆನ್ಶಿಯಾ ಅಲ್ಲ. ಮನೆಯೋರು ನಗಬಾರದು, ನೀವೂ ಹೆದರಬೇಡಿ.

ಈಗ ಅಂಡಾಶಯ ತೆಗೆದ ಇಲಿಗೆ ವಾಪಸ್ ಬರೋಣ. 2007ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ವಾಲ್ಟರ್ ರೊಕ್ಕಾ ಮತ್ತವರ ತಂಡ ಮಿನೆಸೋಟದ ಓಲ್ಮ್‌ಸ್ಟೆಡ್ ಕೌಂಟಿಯ ಹಳೇ ಆಸ್ಪತ್ರೆ ದಾಖಲೆಗಳನ್ನ ತೆಗೆದು, 1950ರಿಂದ 1987ರ ತನಕ ಅಂಡಾಶಯ ತೆಗೆಸಿದ ಹೆಂಗಸರು ಮುಂದೆ ಏನಾದ್ರು ಅಂತ ಹುಡುಕ್ತು. ಮುಟ್ಟು ತಾನಾಗಿ ನಿಲ್ಲೋ ಮುಂಚೆನೇ ಅಂಡಾಶಯ ಕಳ್ಕೊಂಡೋರಲ್ಲಿ ಮರೆವು, ಡಿಮೆನ್ಶಿಯಾ ಹೆಚ್ಚಿತ್ತು, ಎಷ್ಟು ಚಿಕ್ಕ ವಯಸ್ಸಲ್ಲಿ ತೆಗೆದಿದ್ರೋ ಅಷ್ಟು ಹೆಚ್ಚು. ಇದೂ ಹಿಂದಿನಿಂದ ನೋಡಿದ ಅಧ್ಯಯನವೇ, ಆದ್ರೆ ಇಲ್ಲಿ ಯಾರೂ ಆರೋಗ್ಯದ ಕಾಳಜಿಯಿಂದ ಮಾತ್ರೆ ಆರಿಸ್ಕೊಂಡೋರಲ್ಲ, ಅಂಗವನ್ನೇ ಕತ್ತರಿಸಿದ್ದು, ಜೊತೆಗೆ ಇಲಿಗಳಲ್ಲಿ ಕಂಡಿದ್ದಕ್ಕೂ ಇದು ತಾಳೆ ಆಗುತ್ತೆ. ಅದಕ್ಕೇ ಈಗ ವೈದ್ಯಕೀಯ ಮಾರ್ಗಸೂಚಿಗಳು ಹೇಳೋದು, 45ಕ್ಕೂ ಮುಂಚೆ ಮುಟ್ಟು ನಿಂತೋರಿಗೆ ಅಥ್ವಾ ನಿಲ್ಲಿಸಿದೋರಿಗೆ, ಬೇರೆ ತೊಂದರೆ ಇಲ್ಲದಿದ್ರೆ, ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನ ತನಕ ಹಾರ್ಮೋನು ಕೊಡೋದು ಒಳ್ಳೇದು ಅಂತ. ಮೂಳೆಗೆ, ಹೃದಯಕ್ಕೆ ಅದರ ಲಾಭ ಚೆನ್ನಾಗೇ ಗೊತ್ತಿದೆ. 50ರ ಹೆಂಗಸಿಗೆ ಮಾತ್ರೆ ಕೊಡಬೇಕಾ ಅನ್ನೋ ಪ್ರಶ್ನೆನೂ 35ಕ್ಕೆ ಅಂಡಾಶಯ ಕಳ್ಕೊಂಡೋಳಿಗೆ ಕೊಡಬೇಕಾ ಅನ್ನೋ ಪ್ರಶ್ನೆನೂ ಒಂದೇ ಅಲ್ಲವೇ ಅಲ್ಲ.

ನಮ್ಮ ಕಥೆ ಇಲ್ಲಿಂದ ಬೇರೆ ಆಗುತ್ತೆ. ಅಮೆರಿಕದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲೋದು 51ರ ಆಸುಪಾಸಲ್ಲಿ, ನಮ್ಮ ದೇಶದಲ್ಲಿ 46-47ರ ಆಸುಪಾಸಲ್ಲಿ, ನಾಲ್ಕೈದು ವರ್ಷ ಮುಂಚೆನೇ. ಅದರ ಮೇಲೆ ಗರ್ಭಕೋಶದ ಆಪರೇಶನ್ನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂರು ಜನಕ್ಕೆ ಗರ್ಭಕೋಶ ತೆಗೆದಾಗಿದೆ, ಅದೂ ಹೆಚ್ಚಿನೋರಿಗೆ ಮೂವತ್ತರ ಹರೆಯದಲ್ಲೇ, ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೇಲಿ, ಆಂಧ್ರದಲ್ಲಿ ಈ ಪ್ರಮಾಣ ಇನ್ನೂ ಬಹಳ ಹೆಚ್ಚು. ನಮ್ಮ ಕಲಬುರಗಿ ಕಡೆ, ಹಾವೇರಿಯ ರಾಣೆಬೆನ್ನೂರು ಕಡೆ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರಿಗೆ ಬೇಡದಿದ್ರೂ ಗರ್ಭಚೀಲ ತೆಗೆದ ವಿಷಯ ಹೊರಗೆ ಬಂದು, ಆ ಹೆಂಗಸರೇ ಪರಿಹಾರಕ್ಕೆ ಹೋರಾಟ ಮಾಡಿದ್ದು ನೆನಪಿರಬೇಕು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶ ಆಪರೇಶನ್ ತಡೆಯೋಕೆ ಕೇಂದ್ರ ಮಾಡಿರೋ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡ್ಬೇಕು ಅಂತ ಹೇಳಿದೆ.

ನಮ್ಮ ದೊಡ್ಡಮ್ಮಂಗೂ ಹೀಗೇ ಆಗಿತ್ತು. ಬಿಳಿ ಸೆರಗು ಜಾಸ್ತಿ ಹೋಗುತ್ತೆ ಅಂತ ತೋರಿಸೋಕೆ ಹೋದ್ರೆ, ಬಿಟ್ರೆ ಕ್ಯಾನ್ಸರ್ ಆಗುತ್ತೆ, ಎರಡು ಮಕ್ಕಳಾಗಿದಾವಲ್ಲ ಇನ್ಯಾಕಮ್ಮ ಅದು ಅಂದ್ರಂತೆ. 36 ವರ್ಷ ಅವಾಗ. ಆಪರೇಶನ್ ಆಗಿ ಸ್ವಲ್ಪ ದಿನಕ್ಕೇ ಮೈ ಉರಿ, ನಿದ್ದೆ ಇಲ್ಲ, ಸಿಡುಕು. ಅರವತ್ತರ ಹೊತ್ತಿಗೆ ಮರೆವು ಶುರುವಾದಾಗ ಮನೇಲೆಲ್ಲಾ ಅರವತ್ತಕ್ಕೆ ಅರಳು ಮರಳು ಅಂದ್ಕೊಂಡು ಸುಮ್ಮನಾದ್ರು. ಆಪರೇಶನ್ನಿಂದಲೇ ಮರೆವು ಬಂತು ಅಂತ ನಾನು ಹೇಳ್ತಾ ಇಲ್ಲ, ಒಬ್ಬರನ್ನ ನೋಡಿ ಹಾಗೆ ಹೇಳೋಕೆ ಬರಲ್ಲ. ಆದ್ರೆ ರೇಶನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ದ ಅವರ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದ್ರೆ ಟಿಎಎಚ್ ಅಂತ ಮೂರಕ್ಷರ ಇತ್ತು, ಅದು ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದಕ್ಕೆ. ಎರಡೂ ಅಂಡಾಶಯ ತೆಗೆದಿದ್ರೆ ಅದರ ಮುಂದೆ ಬಿಎಸ್‌ಒ ಅಂತ ಬರೀತಾರೆ. ಆ ಜಾಗದಲ್ಲಿ ಮಡಿಕೆ ಬಿದ್ದು ಶಾಯಿ ಅಳಿಸಿಹೋಗಿತ್ತು. ದೊಡ್ಡಮ್ಮಂಗೆ ಕೇಳಿದ್ರೆ ‘ಎಲ್ಲಾ ತೆಗೆದ್ರು ಅಂದ್ರಪ್ಪ’ ಅಷ್ಟೇ ಗೊತ್ತು. ಅಂಡಾಶಯ ಉಳಿಸಿದ್ರೂ ಗರ್ಭಕೋಶ ತೆಗೆದೋರಿಗೆ ಮುಟ್ಟಿನ ಕಾಲ ಕೆಲವು ವರ್ಷ ಮುಂಚೆನೇ ಮುಗಿಯುತ್ತೆ ಅಂತ ಅಧ್ಯಯನಗಳಿವೆ, ಆದ್ರೆ ಮುಟ್ಟೇ ಇಲ್ಲದೋರಿಗೆ ಅದು ಯಾವಾಗ ಮುಗೀತು ಅಂತ ಗೊತ್ತಾಗೋದಾದ್ರೂ ಹೇಗೆ. ನಿಮ್ಮ ಮನೇಲಿ ಯಾರಾದ್ರೂ ಈ ಆಪರೇಶನ್ ಮಾಡಿಸ್ಕೊಂಡಿದ್ರೆ ಆ ಚೀಟಿ ಹುಡುಕಿ, ಲ್ಯಾಮಿನೇಶನ್ ಬೇಡ, ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ.

ಇನ್ನು ಅಧ್ಯಯನಗಳಲ್ಲಿ ನಾವೆಲ್ಲಿದೀವಿ ಅಂತ ನೋಡಿದ್ರೆ ಬೇಜಾರಾಗುತ್ತೆ. ಮೇಲೆ ಹೇಳಿದ ಸ್ವಾನ್‌ನಲ್ಲಿ ಐದು ಸಮುದಾಯದ ಹೆಂಗಸರಿದಾರೆ, ಬಿಳಿಯರು, ಕಪ್ಪು ಜನ, ಹಿಸ್ಪಾನಿಕ್, ಚೀನೀ, ಜಪಾನಿ ಮೂಲದೋರು, ಭಾರತ ಮೂಲದೋರ ಗುಂಪೇ ಇಲ್ಲ. ಮೂರು ನಾಲ್ಕು ಹೆರಿಗೆ ಆಗಿ, ರಕ್ತ ಕಮ್ಮಿ ಇರೋ ಮೈಯಲ್ಲಿ, ಮೂವತ್ತೈದಕ್ಕೆ ಗರ್ಭಕೋಶ ಕಳ್ಕೊಂಡು, ಅರವತ್ತರ ತನಕ ಹೊಲದಲ್ಲಿ ಕೂಲಿ ಮಾಡೋ ಹೆಂಗಸಿನ ಮಿದುಳು ಹೇಗೆ ಮುದಿಯಾಗುತ್ತೆ ಅನ್ನೋದಕ್ಕೆ ಆಲ್‌ಝೈಮರ್ಸ್ ಬಗ್ಗೆ ಟೊರೊಂಟೊ, ಸ್ಯಾನ್ ಡಿಯೇಗೊದಲ್ಲಿ ವಿಜ್ಞಾನಿಗಳು ಸೇರೋ ಸಭೆಗಳಲ್ಲಿ ತೋರಿಸೋ ಸ್ಲೈಡುಗಳಲ್ಲಿ ಉತ್ತರ ಇಲ್ಲ. ನಮ್ಮಲ್ಲಿ ಕಾಯಿಲೆ ಕಮ್ಮಿನಾ ಅಂದ್ರೆ ಅದೂ ಇಲ್ಲ. ದೇಶಮಟ್ಟದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ 60 ದಾಟಿದೋರಲ್ಲಿ 7.4%, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ, 2036ಕ್ಕೆ ಅದು 1.69 ಕೋಟಿ ಆಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳೀಲಿ ಹೆಚ್ಚು. ಓದು ಕಮ್ಮಿ ಅನ್ನೋದು ಇದಕ್ಕೆ ಒಂದು ದೊಡ್ಡ ಕಾರಣ, ಹೆಂಗಸರು ಹೆಚ್ಚು ವರ್ಷ ಬದುಕೋದು ಇನ್ನೊಂದು. ಬೇಗ ನಿಂತ ಮುಟ್ಟಿನ ಪಾಲು ಇದ್ರಲ್ಲಿ ಎಷ್ಟು ಅಂತ ಹುಡುಕೋದು ನಮ್ಮದೇ ಕೆಲ್ಸ, ನಮಗೋಸ್ಕರ ಬೇರೆ ದೇಶದೋರು ಬಂದು ಮಾಡಲ್ಲ.

ಆ ಕೆಲ್ಸ ಆಗಬಹುದಾದ ಜಾಗ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕ್ರಿಸ್ ಗೋಪಾಲಕೃಷ್ಣನ್ ಕುಟುಂಬದ ದೇಣಿಗೆಯಿಂದ ಆಗಿದ್ದು, ಅವರು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನ ಗುರಿ ಇಟ್ಕೊಂಡು ಅಧ್ಯಯನ ಮಾಡ್ತಿದಾರೆ. ಮಾವಿಗೆ ಹೆಸರಾದ ಆ ಊರಿನ ಸಾಮಾನ್ಯ ರೈತರು, ಕೂಲಿ ಮಾಡೋ ಹೆಂಗಸರು ರಕ್ತ ಕೊಡ್ತಾರೆ, ನೆನಪಿನ ಪರೀಕ್ಷೆಗೆ ಕೂರ್ತಾರೆ, ಮಿದುಳಿನ ಎಂಆರ್‌ಐ ಮಾಡಿಸ್ತಾರೆ, ಆಮೇಲೂ ಆಗಾಗ ಮತ್ತೆ ಬರ್ತಾರೆ. ಓದು ಬರಹ ಬಾರದೋರಿಗೆ ಪೇಪರ್ ಪೆನ್ಸಿಲ್ ಪರೀಕ್ಷೆ ಕೊಟ್ರೆ ಪ್ರಯೋಜನ ಇಲ್ಲ, ಅವರಿಗೆ ಹೊಂದೋ ಪರೀಕ್ಷೆ ಬೇಕು, ಕನ್ನಡ ತೆಲುಗು ಎರಡರಲ್ಲೂ ಮಾತಾಡೋ ಗಡಿ ಊರುಗಳವು, ಎಷ್ಟು ತಾಳ್ಮೆ ಬೇಡುತ್ತೆ ಯೋಚ್ನೆ ಮಾಡಿ. ಇನ್ನು ಹತ್ತು ಹದಿನೈದು ವರ್ಷಕ್ಕೆ ಇದ್ರಿಂದ ಬರೋ ಮಾಹಿತಿ ಪ್ರಪಂಚದ ಯಾವ ಸಭೇಲಿ ಇಟ್ರೂ ತೂಕ ಇರುತ್ತೆ.

ಬೇರೆ ಹಾರ್ಮೋನುಗಳ ಬಗ್ಗೆ ಹೆಚ್ಚು ಹೇಳಲ್ಲ, ಆದ್ರೆ ಆ್ಯಂಟಿ ಏಜಿಂಗ್ ಅಂತ ಬೋರ್ಡು ಹಾಕಿರೋ ಕ್ಲಿನಿಕ್ಕುಗಳಿಗೆ ದುಡ್ಡು ಸುರಿಯೋ ಗಂಡಸರಿಗಾಗಿ ಇಷ್ಟು. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಕಮ್ಮಿ ಇದ್ದ 65 ದಾಟಿದ ಗಂಡಸರಿಗೆ ಒಂದು ವರ್ಷ ಅದನ್ನ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು, ನೆನಪು ಸುಧಾರಿಸ್ಲಿಲ್ಲ. ಯೌವನ ವಾಪಸ್ ತರುತ್ತೆ ಅಂತ ಮಾರೋ ಡಿಎಚ್‌ಇಎ ಅನ್ನೋ ಹಾರ್ಮೋನನ್ನ ಮೇಯೋ ಕ್ಲಿನಿಕ್‌ನಲ್ಲಿ ಎರಡು ವರ್ಷ ವಯಸ್ಸಾದೋರಿಗೆ ಕೊಟ್ಟು ನೋಡಿದ್ರು, 2006ರಲ್ಲಿ ಹೇಳಿದ್ದು ಮೈ ಶಕ್ತಿಗೂ ಬದುಕಿನ ಗುಣಮಟ್ಟಕ್ಕೂ ಏನೂ ಲಾಭ ಇಲ್ಲ ಅಂತ. ತೂಕ ಇಳಿಸೋಕೆ ಈಗ ಎಲ್ಲರ ಬಾಯಲ್ಲಿರೋ ಸೆಮಾಗ್ಲುಟೈಡ್ ಕೂಡ ಕರುಳಿನ ಒಂದು ಹಾರ್ಮೋನಿನ ನಕಲೇ, ಅದು ಆಲ್‌ಝೈಮರ್ಸ್ ನಿಧಾನ ಮಾಡುತ್ತೆ ಅಂತ ಬಹಳ ನಿರೀಕ್ಷೆ ಇತ್ತು, ಸುಮಾರು 3,800 ಜನರ ಮೇಲೆ ನಡೆದ ಎರಡು ಅಧ್ಯಯನಗಳು 2025ರ ನವೆಂಬರ್‌ನಲ್ಲಿ ವಿಫಲ ಆದ್ವು, ಡಿಸೆಂಬರ್‌ನಲ್ಲಿ ಸ್ಯಾನ್ ಡಿಯೇಗೊ ಸಭೇಲಿ ಅದನ್ನ ಎಲ್ಲರ ಮುಂದೆ ಅಂಕಿ ಸಮೇತ ಇಟ್ರು. ಇಂಥ ಸಭೆಗಳ ಬಗ್ಗೆ ನನಗೆ ಗೌರವ ಇರೋದು ಇದಕ್ಕೇ. ಕೆಲ್ಸ ಮಾಡ್ಲಿಲ್ಲ ಅಂತ ವೇದಿಕೆ ಮೇಲೆ ನಿಂತು ಹೇಳೋದು, ಎದುರು ಕೂತೋರು ಯಾಕೆ ಅಂತ ಕೇಳೋದು, ರೀಲ್ಸ್‌ನಲ್ಲಿ ಇದು ಸಿಗಲ್ಲ.

ಕೆಲ್ಸ ಮಾಡಿದ್ದು ಯಾವ್ದು ಅಂದ್ರೆ, ಅಷ್ಟೇನೂ ಥಳಕು ಇಲ್ಲದ್ದು. ಫಿನ್‌ಲೆಂಡಿನಲ್ಲಿ 2015ರಲ್ಲಿ 1,260 ಜನರ ಮೇಲೆ, ಅಮೆರಿಕದಲ್ಲಿ 2,111 ಜನರ ಮೇಲೆ, ಇದರ ಫಲಿತಾಂಶ 2025ರ ಜುಲೈನಲ್ಲಿ ಟೊರೊಂಟೊ ಸಭೇಲಿ ಬಂತು, ಎರಡರಲ್ಲೂ ವ್ಯಾಯಾಮ, ಊಟ, ಮಿದುಳಿಗೆ ಕೆಲ್ಸ, ಜನರ ಜೊತೆ ಬೆರೆಯೋದು, ಬಿಪಿ ಶುಗರ್ ಹತೋಟಿ ಇಷ್ಟನ್ನೂ ಒಟ್ಟಿಗೆ ಎರಡು ವರ್ಷ ಮಾಡಿಸಿದಾಗ ಯೋಚನಾಶಕ್ತಿ ಸುಧಾರಿಸಿತು. ಶುಗರನ್ನ ಹತೋಟೀಲಿ ಇಡೋದು ಇನ್ಸುಲಿನ್, ಅದೂ ಹಾರ್ಮೋನೇ. ಮರೆವು ಅಂತ ಹೋದಾಗ ಡಾಕ್ಟ್ರು ಥೈರಾಯ್ಡ್, ಬಿ12 ಬರ್ಕೊಟ್ರೆ ಬೇಸರ ಮಾಡ್ಕೊಳ್ಳದೆ ಮಾಡಿಸಿ, ಮಾತ್ರೇಲಿ ಸರಿ ಹೋಗಬಹುದಾದ ಮರೆವನ್ನ ಮೊದಲು ಹುಡುಕೋದು ಹಾಗೇ.

ನಿಮ್ಹಾನ್ಸ್ ಜೊತೆ ಸೇರಿ ನಮ್ಮ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಬರ್ತಿವೆ, ಒಳ್ಳೇ ಕೆಲ್ಸ ಅದು, ಬೇರೆ ರಾಜ್ಯಗಳೂ ನೋಡಿ ಕಲೀಬೇಕಾದ್ದು. ಅಲ್ಲಿಗೆ ಬರೋ ಪ್ರತಿ ಹೆಂಗಸಿನ ಕೇಸ್ ಪೇಪರಲ್ಲಿ ಬಿಪಿ, ಶುಗರ್, ಓದು ಎಷ್ಟು ಅನ್ನೋದರ ಜೊತೆ ಮೂರು ಪ್ರಶ್ನೆ ಸೇರಿಸ್ಲಿ ಅನ್ನೋದು ನನ್ನ ಕೋರಿಕೆ: ಮುಟ್ಟು ನಿಂತಾಗ ವಯಸ್ಸೆಷ್ಟು, ಗರ್ಭಕೋಶ ತೆಗೆದಿದಾರಾ, ತೆಗೆದಿದ್ರೆ ಅಂಡಾಶಯ ಉಳಿದಿದೆಯಾ. ಕೇಳೋಕೆ ನರ್ಸಮ್ಮಂಗೆ ಒಂದು ನಿಮಿಷ ಸಾಕು, ಕೊನೇ ಪ್ರಶ್ನೆಗೆ ‘ಗೊತ್ತಿಲ್ಲ’ ಅಂತ ಉತ್ತರ ಬಂದ್ರೆ ಅದನ್ನೂ ಹಾಗೇ ಬರ್ಕೊಳ್ಲಿ, ಅಂಥವು ಎಷ್ಟಿವೆ ಅನ್ನೋ ಲೆಕ್ಕಾನೂ ಬೇಕು.